ಒಂದೂವರೆ ದ್ವೀಪ

ನನ್ನ ಚಿಕ್ಕಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ದಾವಣಗೆರೆಯಿಂದ ಹೊರಟು, ಶಿವಮೊಗ್ಗ, ಹೊಸನಗರ ದಾಟಿ, ಹುಲಿಕಲ್ ಘಾಟಿ ಇಳಿದು ಕುಂದಾಪುರ ಮುಟ್ಟುವ ರೂಟಿನಲ್ಲಿ ಹನ್ನೊಂದು ವರ್ಷ ಗಾಡಿ ಓಡಿಸಿದ್ದಾರೆ. ಈ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಕಡಲಿಗೆ ಕಾಲು ಇಟ್ಟಿಲ್ಲ. ಬೆಳಗಿನ ಜಾವ ಬಂದು, ಬಸ್ಸಿನಲ್ಲೇ ಮಲಗಿ, ಎದ್ದು ಚಾ ಕುಡಿದು, ಮತ್ತೆ ಘಾಟಿ ಹತ್ತುವುದು. 'ಕಡಲು ಎಷ್ಟು ದೂರ ಇತ್ತು ಚಿಕ್ಕಪ್ಪ?' ಅಂತ ಕೇಳಿದರೆ, 'ಹತ್ತಿರಾನೇ ಇರಬೇಕು, ಕಿಟಕಿ ತೆಗೆದ್ರೆ ಮೀನಿನ ವಾಸನೆ ಬರ್ತಿತ್ತು' ಅಂದರು.

ಹೋದ ನವೆಂಬರಿನ ಕೊನೆಗೆ ನಾವಿಬ್ಬರೂ ಕರಾವಳಿಗೆ ಹೊರಟಿದ್ದು ಹೀಗೆ. ಚಿಕ್ಕಮ್ಮ ಬರಲಿಲ್ಲ, ಅವರಿಗೆ ನೀರು ಕಂಡರೆ ಆಗುವುದಿಲ್ಲ. ಗಾಡಿ ನಾನು ಓಡಿಸಿದೆ. ನಿವೃತ್ತ ಡ್ರೈವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಘಾಟಿ ಇಳಿಯುವುದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. 'ಸೆಕೆಂಡ್ ಗೇರ್, ಅವ್ವಾ' ಅನ್ನುವುದು, ನಾನು ಹಾಕಿದ ಮೇಲೂ ಇನ್ನೊಂದು ಸಲ ಅನ್ನುವುದು.

ಚಿಕ್ಕಪ್ಪ ಹೊರಡುವ ಮೊದಲೇ ಒಂದು ಪಟ್ಟಿ ಮಾಡಿದ್ದರು. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಗೆ ನಾಲ್ಕು ದ್ವೀಪಗಳ ಹೆಸರು: ಮಲ್ಪೆಯ ಸೇಂಟ್ ಮೇರೀಸ್, ಮುರ್ಡೇಶ್ವರದ ನೇತ್ರಾಣಿ, ಹೊನ್ನಾವರದ ಬಸವರಾಜದುರ್ಗ, ಕಾರವಾರದ ಕೂರ್ಮಗಡ. ಎದುರಿಗೆ ಹೊರಡುವ ಹೊತ್ತು, ಮುಟ್ಟುವ ಹೊತ್ತು. ಡ್ಯೂಟಿ ಚಾರ್ಟೇ ಅದು. ಕರ್ನಾಟಕದ ಕರಾವಳಿ ಉದ್ದಕ್ಕೂ ಸೇರಿ ಸುಮಾರು 320 ಕಿ.ಮೀ. 'ನಮ್ಮ ಒಂದು ರಾತ್ರಿ ಟ್ರಿಪ್ಪಿನಷ್ಟೂ ಇಲ್ಲ' ಅಂದರು. ನಾನು ಐದು ದಿನ ರಜೆ ಹಾಕಿದ್ದು ಅವರಿಗೆ ತೀರಾ ಜಾಸ್ತಿ ಅನಿಸಿತ್ತು.

ಮಲ್ಪೆಯಿಂದ ಶುರು ಮಾಡಿದೆವು. ಮೀನುಗಾರಿಕೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿದ್ದವು. ನಮ್ಮ ಬೋಟು ತುಂಬುವ ತನಕ ಹೊರಡುವುದಿಲ್ಲ ಅಂದಾಗ ಚಿಕ್ಕಪ್ಪನಿಗೆ ಸಮಾಧಾನ ಆಯಿತು. ಇದು ಗೊತ್ತಿರುವ ವ್ಯವಹಾರ. ಹತ್ತಿದವರೇ ಸೀದಾ ಚುಕ್ಕಾಣಿ ಹಿಡಿದವನ ಪಕ್ಕ ಹೋಗಿ ನಿಂತರು. ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ ತಡೆಯಲಾಗದೆ ಕೇಳಿದರು, 'ಬ್ರೇಕ್ ಎಲ್ಲಿ?'

ಆ ಹುಡುಗ ನಕ್ಕ. 'ಇಲ್ಲ ಮಾರಾಯ್ರೆ. ನಿಲ್ಲಿಸ್ಬೇಕು ಅಂದ್ರೆ ರಿವರ್ಸ್ ಹಾಕೂದು.' ಚಿಕ್ಕಪ್ಪ ಮೆಲ್ಲಗೆ ಬಂದು ನನ್ನ ಪಕ್ಕ ಕೂತು, ಲೈಫ್ ಜಾಕೆಟ್ಟಿನ ದಾರ ಇನ್ನೊಂದು ಗಂಟು ಬಿಗಿದರು.

ಸೇಂಟ್ ಮೇರೀಸ್ ಅನ್ನುವ ಹೆಸರಿಗೆ ವಾಸ್ಕೋ ಡ ಗಾಮನ ಕತೆ ಅಂಟಿಕೊಂಡಿದೆ. 1498ರಲ್ಲಿ ಅವನು ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಅನ್ನುತ್ತಾರೆ. ಊರಿನವರಿಗೆ ಮಾತ್ರ ಅದು ತೋನ್ಸೆಪಾರ್. ತೋನ್ಸೆ ಪಕ್ಕದ ಊರು. ಬಂದು ಹೋದವನು ಇಟ್ಟ ಹೆಸರು ಬೋರ್ಡಿಗೆ ಬಂತು, ಇಲ್ಲೇ ಇರುವವರು ಇಟ್ಟಿದ್ದು ಬಾಯಲ್ಲಿ ಉಳಿಯಿತು. ಅದು ಒಂದೇ ದ್ವೀಪವೂ ಅಲ್ಲ, ನಾಲ್ಕು ಇವೆ. ನಾವೆಲ್ಲ ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ.

ಇಳಿದವರೆಲ್ಲ ಚಿಪ್ಪುಗಳ ದಂಡೆ ಕಡೆ ಓಡಿದರು, ಫೋಟೊಗೆ. ಚಿಕ್ಕಪ್ಪ ಕಲ್ಲಿನ ಹತ್ತಿರ ನಿಂತುಬಿಟ್ಟರು. ಫೋಟೊಗಳಲ್ಲಿ ನೋಡಿದ್ದರೂ ಎದುರಿಗೆ ಅದು ಬೇರೆಯೇ. ಯಾರೋ ಅಚ್ಚಿನಲ್ಲಿ ಎರಕ ಹೊಯ್ದು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಕಲ್ಲಿನ ಕಂಬಗಳು. ಕೆಲವು ಆಳೆತ್ತರಕ್ಕಿಂತ ಎಷ್ಟೋ ಮೇಲೆ, ಕೆಲವು ನೀರಿನ ಮಟ್ಟಕ್ಕೆ ಕತ್ತರಿಸಿಟ್ಟ ಮೆಟ್ಟಿಲಿನಂತೆ. ಚಿಕ್ಕಪ್ಪ ಒಂದರ ತಲೆಯ ಮೇಲೆ ಬೆರಳಿಟ್ಟು ಮೂಲೆ ಎಣಿಸಿದರು. ಆರು. ಪಕ್ಕದ್ದು ಐದು. ಇನ್ನೊಂದು ಏಳು. 'ಅಳತೆ ಸರಿಯಿಲ್ಲ' ಅಂದರು, ಮೇಸ್ತ್ರಿ ತಪ್ಪು ಮಾಡಿದ್ದಾನೆ ಅನ್ನುವ ಧಾಟಿಯಲ್ಲಿ.

ಇದು ಲಾವಾ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ದೂರ ಹೋಗುವ ಕಾಲದಲ್ಲಿ ಉಕ್ಕಿದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಉಕ್ಕಿದ ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಮೇಲಿನಿಂದ ಶುರುವಾದ ಬಿರುಕು ಆರಿದಂತೆಲ್ಲ ಕೆಳಗಿಳಿಯುತ್ತ ಹೋಗಿ ಕಂಬಗಳಾಗುತ್ತವೆ. ನಾನು ಇಷ್ಟನ್ನು ವಿವರಿಸಿ ಮುಗಿಸುವಷ್ಟರಲ್ಲಿ ಚಿಕ್ಕಪ್ಪ, 'ಓ, ನಮ್ಮ ಕೆರೆ ಅಂಗಳ' ಅಂದರು. ಹೌದಲ್ಲ! ಏಪ್ರಿಲಿನಲ್ಲಿ ಕೆರೆ ಬತ್ತಿದಾಗ ಎರೆಮಣ್ಣು ಬಿರಿಯುವುದು ಹೀಗೇ. ಅಲ್ಲೂ ಐದು ಮೂಲೆ, ಆರು ಮೂಲೆ. ಬಯಲುಸೀಮೆಯವರಿಗೆ ಈ ದ್ವೀಪವನ್ನು ಯಾರೂ ವಿವರಿಸುವ ಅಗತ್ಯವೇ ಇಲ್ಲ ಅನಿಸಿತು. ನಾವು ಇದನ್ನು ವರ್ಷಾ ವರ್ಷಾ ನೋಡುತ್ತೇವೆ, ಮಳೆ ಬಂದಾಗ ಅಳಿಸಿ ಹೋಗುತ್ತದೆ ಅಷ್ಟೆ.

ಸೀಟಿ ಊದಿದರು, ವಾಪಸ್ ಹೊರಟೆವು. ಪಟ್ಟಿಯಲ್ಲಿ ಮೊದಲ ಹೆಸರಿನ ಮೇಲೆ ಗೆರೆ ಬಿತ್ತು. ಹೊತ್ತಿಗೆ ಸರಿಯಾಗಿ.

ಮರುದಿನ ಬಡಗು ಮುಖ ಮಾಡಿ ಹೊರಟೆವು. ಕುಂದಾಪುರ ದಾಟುವಾಗ ಚಿಕ್ಕಪ್ಪ ತಮ್ಮ ಬಸ್ ಸ್ಟ್ಯಾಂಡ್ ತೋರಿಸಿದರು. ಅಲ್ಲಿಂದಾಚೆಗೆ ಸೇತುವೆ ಮೇಲೆ ಸೇತುವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಅನ್ನುವ ಐದು ಹೊಳೆಗಳು ಇಲ್ಲಿ ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಹತ್ತಿರ ಕಡಲು ಸೇರುತ್ತವೆ. ನೀರಿನ ನಡುವೆ ತೆಂಗಿನ ತೋಟಗಳು, ಹೆಂಚಿನ ಮನೆಗಳು, ಒಂದೊಂದು ಕಿರಿದಾದ ಸೇತುವೆ. ನಾವು ನೋಡಿದೆವು, ಚೆನ್ನಾಗಿದೆ ಅಂದೆವು, ಮುಂದೆ ಹೋದೆವು. ಮರವಂತೆಯಲ್ಲಿ ಮಾತ್ರ ನಿಲ್ಲಿಸಿದೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೈವೇ. ಇಷ್ಟು ಹತ್ತಿರ ಬಂದ ಹೊಳೆ ಇಲ್ಲಿ ಕಡಲನ್ನು ಸೇರದೆ ತೆಂಕಕ್ಕೆ ತಿರುಗಿ ಗಂಗೊಳ್ಳಿಗೆ ಹೋಗುತ್ತದೆ. 'ಇದ್ಯಾಕೆ ಶಾರ್ಟ್ ಕಟ್ ಬಿಟ್ಟು ಸುತ್ತಿಕೊಂಡು ಹೋಗುತ್ತೆ' ಅಂತ ಚಿಕ್ಕಪ್ಪ ತಲೆ ಕೆಡಿಸಿಕೊಂಡರು.

ಮುರ್ಡೇಶ್ವರದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಶಿವನ ಮೂರ್ತಿ 123 ಅಡಿ, ಎಲ್ಲರೂ ನೋಡಿರುತ್ತಾರೆ. ನಮಗೆ ಬೇಕಾಗಿದ್ದು ಅದರ ಬೆನ್ನ ಹಿಂದಿನ ಕಡಲು. ನೇತ್ರಾಣಿ ಅಲ್ಲಿಂದ ಸುಮಾರು 19 ಕಿ.ಮೀ. ಒಳಗೆ. ಬೋಟಿನಲ್ಲಿ ಒಂದೂವರೆ ಗಂಟೆ.

ಹುಲಿಕಲ್ ಘಾಟಿಯಲ್ಲಿ ಸಾವಿರಾರು ಜನರಿಗೆ ವಾಂತಿ ಕವರ್ ಕೊಟ್ಟು, 'ಮುಂದೆ ನೋಡ್ಕೊಂಡು ಕೂತ್ಕೊಳ್ಳಿ, ಏನೂ ಆಗಲ್ಲ' ಅಂತ ಧೈರ್ಯ ಹೇಳಿದ ಮನುಷ್ಯ ಹೊರಟು ಮುಕ್ಕಾಲು ಗಂಟೆಗೆ ಬೋಟಿನ ಅಂಚಿಗೆ ಬಾಗಿದರು. ನಾನು ಬೆನ್ನು ಸವರುತ್ತ, 'ಮುಂದೆ ನೋಡಿ ಚಿಕ್ಕಪ್ಪ' ಅಂದೆ. ಅವರು ತಲೆ ಎತ್ತದೆ ಕೈಯಲ್ಲೇ ಸುಮ್ಮನಿರು ಅಂದರು. ಬೋಟಿನಲ್ಲಿದ್ದ ಕಾಲೇಜು ಹುಡುಗರಲ್ಲಿ ಇಬ್ಬರು ಅವರಿಗೆ ಜೊತೆ ಕೊಟ್ಟರು.

ನೇತ್ರಾಣಿ ದೂರದಿಂದ ಕಡಲಿನಲ್ಲಿ ಮಲಗಿದ ದನದ ಬೆನ್ನಿನ ಹಾಗೆ ಕಾಣುತ್ತದೆ. ಹತ್ತಿರ ಹೋದಂತೆ ಬೆನ್ನು ಗೋಡೆಯಾಗುತ್ತದೆ. ಕಡಿದಾದ ಬಂಡೆ, ನೆತ್ತಿಯಲ್ಲಿ ಕಾಡು, ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು. ಅಲ್ಲಿ ನಮ್ಮನ್ನು ದಡಕ್ಕೆ ಇಳಿಸುವುದಿಲ್ಲ. ಹಿಂದೆ ನೌಕಾಪಡೆ ಈ ಬಂಡೆಗೆ ಗುಂಡು ಹೊಡೆದು ಗುರಿ ಅಭ್ಯಾಸ ಮಾಡುತ್ತಿತ್ತು. ಸಿಡಿಯದೆ ಉಳಿದ ಶೆಲ್ಲುಗಳು ಸಿಕ್ಕಿವೆ. ಹಾಗಾಗಿ ನಮ್ಮಂಥವರಿಗೆ ಇರುವುದು ದ್ವೀಪದ ಪಕ್ಕದ ನೀರು ಮಾತ್ರ.

ನಾನು ಇಳಿದೆ. ಮೊದಲ ಎರಡು ನಿಮಿಷ ಮುಖವಾಡದೊಳಗಿನ ನನ್ನ ಉಸಿರಿನ ಸದ್ದೇ ಹೆದರಿಸಿತು. ಆಸ್ಪತ್ರೆಯಲ್ಲಿ ಯಾರದೋ ಪಕ್ಕ ಕೂತಂತಿತ್ತು. ಉಸಿರು ತಾಳಕ್ಕೆ ಬಂದ ಮೇಲೆ ಬೇರೆ ಸದ್ದು ಕೇಳಿತು. ಕಟಕಟ, ಕಟಕಟ. ಯಾರೋ ಪಕ್ಕದ ಕೋಣೆಯಲ್ಲಿ ಕಡಲೆ ಅಗಿಯುತ್ತಿರುವ ಹಾಗೆ. ಕೆಳಗೆ ನೋಡಿದರೆ ಗಿಳಿಮೂತಿಯ ಮೀನುಗಳು ಹವಳದ ಬಂಡೆಯನ್ನು ಕೆರೆದು ತಿನ್ನುತ್ತಿದ್ದವು. ಮೀನು ತಿನ್ನುವುದನ್ನು ಕೇಳಿಸಿಕೊಳ್ಳಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಮೂಗಿನ ಮುಂದೆ ಹಳದಿ ಪಟ್ಟೆಯ ಪುಟ್ಟ ಮೀನು ಬಂದು ನಿಂತು, ಗಾಜಿನೊಳಗೆ ಇಣುಕಿ, ಬೇಡವೆನಿಸಿ ಹೋಯಿತು. ಚಿಕ್ಕಪ್ಪ ಬೋಟಿನಲ್ಲೇ ಮಲಗಿ ನಿಂಬೆಹಣ್ಣು ಮೂಸುತ್ತಿದ್ದರು.

ದಡಕ್ಕೆ ಬಂದ ಮೇಲೆ ಪಟ್ಟಿ ತೆಗೆದು ತುಂಬ ಹೊತ್ತು ಯೋಚಿಸಿದರು. 'ಕಾಲು ಇಡಲಿಲ್ಲ. ಹಾಗಂತ ಹೋಗಲಿಲ್ಲ ಅನ್ನೋಕೂ ಆಗಲ್ಲ.' ಕೊನೆಗೆ ಹೆಸರಿನ ಮುಂದೆ ಅರ್ಧ ಅಂತ ಬರೆದರು.

ಹೊನ್ನಾವರದಲ್ಲಿ ಚಾರ್ಟು ಕೆಟ್ಟಿತು. ಬಸವರಾಜದುರ್ಗ ಕೆಳದಿಯ ನಾಯಕರು ಕಟ್ಟಿಸಿದ ಕೋಟೆ ಇರುವ ದ್ವೀಪ. ಪಾವಿನಕುರ್ವೆಯ ಕಡಲ ದಂಡೆಯಲ್ಲಿ ನಿಂತರೆ ಎದುರಿಗೇ ಕಾಣುತ್ತದೆ, ಚಪ್ಪಟೆ ನೆತ್ತಿಯ ಉದ್ದನೆ ದಿಬ್ಬ. ರಾತ್ರಿಯಿಂದ ಗಾಳಿ ಎದ್ದಿತ್ತು. ಬೋಟಿನವರನ್ನು ಹುಡುಕಿ ಮಾತಾಡಿದೆವು. ನಾನು ಎರಡು ಸಾವಿರ ಅಂದೆ, ಮೂರು ಸಾವಿರ ಅಂದೆ. ಆ ಹಿರಿಯರು ಬಲೆ ಬಿಡಿಸುವ ಕೈ ನಿಲ್ಲಿಸದೆ ಹೇಳಿದರು, 'ದುಡ್ಡಿನ ಪ್ರಶ್ನೆ ಅಲ್ಲ. ಅಳಿವೆ ಸರಿ ಇಲ್ಲ.'

ಅಳಿವೆ ಅಂದರೆ ಹೊಳೆ ಕಡಲಿಗೆ ಬೀಳುವ ಬಾಯಿ. ನಮ್ಮ ಕಡೆಯವರಿಗೆ ಈ ಪದದ ತೂಕ ಗೊತ್ತಾಗುವುದಿಲ್ಲ. ನಾವು ಕಡಲಿನ ಅಪಾಯ ಅಂದರೆ ದೂರದ ಆಳ ಅಂದುಕೊಂಡಿರುತ್ತೇವೆ. ಅವರು ತೋರಿಸಿದ್ದು ಕಣ್ಣೆದುರಿನ, ಕೂಗಿದರೆ ಕೇಳುವಷ್ಟು ಹತ್ತಿರದ ನೀರನ್ನು. ಹೊಳೆ ಹೊತ್ತು ತಂದ ಮರಳು ಬಾಯಲ್ಲೇ ನಿಂತು ದಿಬ್ಬವಾಗುತ್ತದೆ. ಆ ದಿಬ್ಬ ಇವತ್ತು ಇದ್ದ ಕಡೆ ನಾಳೆ ಇರುವುದಿಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಪಡುಗಾಳಿ ಕಡಲನ್ನು ಒಳಗೆ ತಳ್ಳುತ್ತದೆ. ಎರಡೂ ದಿಬ್ಬದ ಮೇಲೆ ಎದುರಾದಾಗ ಅಲೆ ಸಾಗುವುದಿಲ್ಲ, ಎದ್ದು ನಿಂತು ಅಲ್ಲೇ ಒಡೆಯುತ್ತದೆ. ಆಳ ಕಡಲಿನಲ್ಲಿ ಹತ್ತು ದಿನ ಮೀನು ಹಿಡಿದು ಬಂದ ಬೋಟು ಮನೆಯ ಬಾಗಿಲಿನಲ್ಲಿ ಮಗುಚುವುದು ಇಲ್ಲಿ. ಅದಕ್ಕೇ ಅದನ್ನು ಅಳಿವೆ ಬಾಗಿಲು ಅನ್ನುತ್ತಾರೆ.

ಚಿಕ್ಕಪ್ಪ ವಾದ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. 'ಘಾಟಿಯಲ್ಲಿ ಮಂಜು ಬಿದ್ದಾಗ ನಾನು ಗಾಡಿ ಸೈಡಿಗೆ ಹಾಕ್ತಿದ್ದೆ. ಹಿಂದೆ ಕೂತೋರು ಬೈಯೋರು. ಬೈಯ್ಲಿ' ಅಂದರು. ಆಮೇಲೆ ಆ ಹಿರಿಯರ ಪಕ್ಕ ಕೂತು ಬಲೆಯ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಒಂದು ಗಂಟೆ ಮಾತಾಡಿದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆ ಅರವತ್ತೊಂದು ದಿನ ಏನು ಮಾಡುತ್ತೀರಿ ಅಂತ ಇವರು ಕೇಳುವುದು, ರಿಟೈರ್ ಆದ ಮೇಲೆ ನೀವು ಏನು ಮಾಡುತ್ತೀರಿ ಅಂತ ಅವರು ಕೇಳುವುದು. ಇಬ್ಬರ ಉತ್ತರವೂ ಹೆಚ್ಚುಕಮ್ಮಿ ಒಂದೇ ಇತ್ತು: ಹೆಂಡತಿಯ ಬೈಗುಳ ಕೇಳುವುದು.

ಅವತ್ತು ಉಳಿದ ಹೊತ್ತಿಗೆ ಕೆಲಸ ಇಲ್ಲದೆ ಕುಮಟಾದ ಕಡೆ ಹೋದೆವು. ಪಟ್ಟಿಯಲ್ಲಿ ಇರದ ಜಾಗ. ಅಘನಾಶಿನಿ ಎಲ್ಲೂ ಅಣೆಕಟ್ಟು ಇಲ್ಲದೆ ಕಡಲಿಗೆ ಬರುವ ಹೊಳೆ. ಅದರ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತು. ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸುತ್ತಿದ್ದರು. ಮೊದಲು ಕಾಲಿನಲ್ಲಿ ಹುಡುಕುವುದು, ಸಿಕ್ಕಿದಾಗ ಬಗ್ಗುವುದು. ಮಾತು ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ.

ಪಕ್ಕದಲ್ಲಿ ಗಜನಿ ಗದ್ದೆಗಳು. ಉಪ್ಪುನೀರಿಗೆ ಅಂಜದ ಕಗ್ಗ ಅನ್ನುವ ಭತ್ತ ಬೆಳೆಯುವುದು ಇಲ್ಲಿ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಗದ್ದೆಯ ಉಪ್ಪು ತೊಳೆದಾಗ ಬಿತ್ತುತ್ತಾರೆ. ನೀರು ಎಷ್ಟೇ ನಿಂತರೂ ಕಗ್ಗ ಅದರ ಮೇಲೆ ತಲೆ ಎತ್ತುತ್ತದೆ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಹಲಗೆ ಎತ್ತಿ ಉಪ್ಪುನೀರು ಒಳಗೆ ಬಿಟ್ಟರೆ, ಅದೇ ಗದ್ದೆಯಲ್ಲಿ ಸಿಗಡಿ. ಒಬ್ಬರು ಒಂದು ಹಿಡಿ ಅಕ್ಕಿ ಕೈಗೆ ಹಾಕಿದರು, ಕೆಂಪಗೆ, ದಪ್ಪಗೆ ಇತ್ತು. ಚಿಕ್ಕಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, 'ಉಪ್ಪಿಲ್ಲ' ಅಂದರು. ಸ್ವಲ್ಪ ಬೇಜಾರಿನಲ್ಲೇ.

ಆ ಹೊತ್ತಿಗೇ ನನಗೆ ಹೆಸರುಗಳು ಕಿವಿಗೆ ಬೀಳತೊಡಗಿದ್ದು. ಐಗಳಕುರ್ವೆ, ಮಾಸೂರುಕುರ್ವೆ. ಹೊನ್ನಾವರದಲ್ಲಿ ಮಾವಿನಕುರ್ವೆ, ಪಾವಿನಕುರ್ವೆ. ಕುರ್ವೆ ಅಂದರೆ ಹೊಳೆ ನಡುವಿನ ನೆಲ, ನಡುಗಡ್ಡೆ. ತುಳುನಾಡಿಗೆ ಬಂದರೆ ಅದೇ ಕುದ್ರು. ಮಲ್ಪೆಯ ಬಡಗಿಗೆ ಪಡುಕುದ್ರು ಇತ್ತು, ಕುಂದಾಪುರ ದಾಟುವಾಗ ಕನ್ನಡಕುದ್ರು ಇತ್ತು. ನಾವು ಚೆನ್ನಾಗಿದೆ ಅಂತ ಹೇಳಿ ಮುಂದೆ ಹೋದ ತೆಂಗಿನ ತೋಟಗಳು, ಹೆಂಚಿನ ಮನೆಗಳು ಎಲ್ಲ ದ್ವೀಪಗಳೇ. ನಾಲ್ಕು ದ್ವೀಪ ನೋಡಬೇಕು ಅಂತ ಹೊರಟು ದಾರಿಯಲ್ಲಿ ಎಷ್ಟು ದ್ವೀಪಗಳ ಪಕ್ಕದಲ್ಲಿ ಗಾಡಿ ಓಡಿಸಿದ್ದೆನೋ. ಜನ ಇಲ್ಲದಿದ್ದರೆ, ಬೋಟಿಗೆ ಟಿಕೆಟ್ ಇದ್ದರೆ ನಮಗೆ ಅದು ದ್ವೀಪ. ಜನ ಇದ್ದು, ಅಂಗಳದಲ್ಲಿ ಬಟ್ಟೆ ಒಣಗಿಸಿದ್ದರೆ ಸುಮ್ನೆ ಒಂದು ಊರು. ನಾನು ಇದನ್ನು ಹೇಳಿದಾಗ ಚಿಕ್ಕಪ್ಪ ಏನೂ ಅನ್ನಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಹಾಳೆ ತಿರುಗಿಸಿ, ಕ್ಯಾಲೆಂಡರ್ ಬದಿಯ ಖಾಲಿ ಚೌಕಗಳಲ್ಲಿ ಒಂದೊಂದೇ ಹೆಸರು ಬರೆಯುತ್ತಿದ್ದರು.

ಕಾರವಾರದಲ್ಲೂ ಗಾಳಿ ನಿಂತಿರಲಿಲ್ಲ. ಕೂರ್ಮಗಡವನ್ನು ದಡದಿಂದ ನೋಡಿದೆವು. ಅಲ್ಲಿ ನರಸಿಂಹ ದೇವರ ಗುಡಿ ಇದೆ, ಜನವರಿಯಲ್ಲಿ ಜಾತ್ರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಹೋದರು. ಅದು ಗೊತ್ತಿದ್ದರಿಂದ ನಾನು ಬೋಟಿನವರನ್ನು ಕೇಳಲೇ ಇಲ್ಲ. ಕಾಳಿ ಹೊಳೆಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿದ್ದ ಜಾಗ ತೋರಿಸಿದಾಗ ಮಾತ್ರ ಚಿಕ್ಕಪ್ಪ ಕಾರಿನಿಂದ ಇಳಿದು ಚಪ್ಪಲಿ ಬಿಟ್ಟು ನಿಂತರು. ಲಾರಿ ಸಮೇತ ಬಿದ್ದ ಡ್ರೈವರನ್ನು ಹೊಳೆಯಿಂದ ಬದುಕಿಸಿ ತೆಗೆದರು ಅಂತ ಹೇಳಿದ ಮೇಲೆ ಚಪ್ಪಲಿ ಹಾಕಿಕೊಂಡರು.

ಕಾರವಾರದ ತೆಂಕಿಗೆ ಅಂಜುದೀವ್ ಇದೆ. ಇದ್ದುದು ನಮ್ಮ ಕಣ್ಣೆದುರಿಗಾದರೂ ಲೆಕ್ಕ ಗೋವಾದ್ದು. ಇಂಗ್ಲೆಂಡಿನ ರಾಜನಿಗೆ ಪೋರ್ಚುಗೀಸರು ಬಾಂಬೆಯನ್ನು ಬಳುವಳಿ ಕೊಟ್ಟರಲ್ಲ, ಅದನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರನ್ನು ಇಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಬಾಂಬೆಯೊಳಗೆ ಬಿಡಲಿಲ್ಲ. ಅವರು ಬಂದು ಕಾದಿದ್ದು ಈ ದ್ವೀಪದಲ್ಲಿ. ಕೆಲವು ನೂರು ಜನ ಇಳಿದಿದ್ದರು. 1665ರಲ್ಲಿ ಬಾಂಬೆ ಮುಟ್ಟಿದವರು ನೂರರ ಆಸುಪಾಸು. ಉಳಿದವರು ರೋಗಕ್ಕೆ ಹೋದರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ. 1961ರ ಡಿಸೆಂಬರಿನಲ್ಲಿ ಗೋವಾ ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ 7 ಜನ ಇಲ್ಲೇ ಪ್ರಾಣ ಬಿಟ್ಟರು. ಈಗ ಅದು ನೌಕಾನೆಲೆಯ ಭಾಗ, ಅಲೆತಡೆ ಗೋಡೆ ಕಟ್ಟಿ ದಡಕ್ಕೆ ಸೇರಿಸಿಬಿಟ್ಟಿದ್ದಾರೆ.

'ಹಂಗಾದ್ರೆ ಇದು ದ್ವೀಪನಾ, ಅಲ್ವಾ?' ಅಂತ ಚಿಕ್ಕಪ್ಪ ಪೆನ್ನು ಹಿಡಿದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಬರೆಯಲಿಲ್ಲ.

ಐದನೇ ದಿನ ವಾಪಸ್ ಬರುವಾಗ ಹೊನ್ನಾವರ ತಾಲೂಕಿನ ಒಂದು ಕುರ್ವೆಗೆ ಹೋದೆವು. ಹೆಸರು ಹೇಳುವುದಿಲ್ಲ, ರೀಲ್ಸ್ ಮಾಡುವವರು ಬಂದುಬಿಡುತ್ತಾರೆ. ಕಿರಿದಾದ ಸೇತುವೆ ದಾಟಿ, ತೆಂಗಿನ ತೋಟದ ನಡುವಿನ ದಾರಿಯಲ್ಲಿ ಕೊನೆ ತನಕ. ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆವು. ಆ ಅಕ್ಕ ನೀರಿನ ಜೊತೆ ಬೆಲ್ಲದ ಚೂರೂ ತಂದರು. ನೀರಿನಲ್ಲಿ ಬಹಳ ಸಣ್ಣಗೆ ಉಪ್ಪಿತ್ತು. ಅವರೇ ಹೇಳಿದರು, ಈಗ ಪರವಾಗಿಲ್ಲ, ಮಾರ್ಚ್ ಬಂತೆಂದರೆ ಬಾವಿ ಪೂರಾ ಉಪ್ಪು.

'ದ್ವೀಪ ನೋಡ್ಲಿಕ್ಕೆ ಬಂದ್ರಾ? ಹೋಗಿ ಬಂದ್ರಾ ದುರ್ಗಕ್ಕೆ?' ಅಂತ ಕೇಳಿದರು.

'ಆಗ್ಲಿಲ್ಲ ಅಕ್ಕಾ, ಅಳಿವೆ ಸರಿ ಇರ್ಲಿಲ್ಲ' ಅಂದರು ಚಿಕ್ಕಪ್ಪ, ಹುಟ್ಟಿದಾಗಿನಿಂದ ಅಳಿವೆ ನೋಡಿದವರ ಹಾಗೆ. 'ಅದಕ್ಕೇ ಇಲ್ಲಿಗೆ ಬಂದ್ವಿ. ಇದೂ ದ್ವೀಪಾನೇ ಅಲ್ವಾ?'

ಅವರಿಗೆ ನಗು ಬಂತು. 'ಇದು ಕುರ್ವೆ. ದ್ವೀಪದಲ್ಲಿ ಯಾರಾದ್ರೂ ಇರ್ತಾರಾ?'

ಸೇತುವೆ ಬರುವ ಮೊದಲು ಹೇಗಿತ್ತು ಅಂತ ಕೇಳಿದೆ. ಎಲ್ಲದಕ್ಕೂ ದೋಣಿ ಅಂದರು. ಶಾಲೆಗೆ, ಅಕ್ಕಿಗೆ, ದಿಬ್ಬಣಕ್ಕೆ. ಅವರ ದೊಡ್ಡ ಮಗ ದೋಣಿಯಲ್ಲೇ ಹುಟ್ಟಿದ್ದು, ದಡ ಮುಟ್ಟುವ ಮೊದಲೇ. 'ಈಗ ಬಸ್ಸು ಬರ್ತದೆ' ಅಂದರು.

ಬಸ್ಸು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಚಿಕ್ಕಪ್ಪ ಲೋಟ ಕೆಳಗಿಟ್ಟರು. ಎಲ್ಲಿ ತನಕ ಬರ್ತದೆ, ಎಲ್ಲಿ ನಿಲ್ಲುತ್ತೆ, ರಾತ್ರಿ ಇಲ್ಲೇ ಹಾಲ್ಟಾ? ಆ ಅಕ್ಕ ದಾರಿ ಮುಗಿಯುವ ಕಡೆ ಕೈ ತೋರಿಸಿದರು. ಚಿಕ್ಕಪ್ಪ ಹೊರಟೇ ಹೋದರು. ನಾನು ಹೋಗಿ ನೋಡುವಷ್ಟರಲ್ಲಿ ಮರಳಿನ ಮೇಲೆ ಕೂತಿದ್ದರು. ಒಂದು ಕಡೆ ಹೊಳೆ, ಎದುರಿಗೆ ಒಂದು ಹಲಸಿನ ಮರ, ನಡುವೆ ಬಸ್ಸಿನ ಟೈರಿನ ಗುರುತು.

'ನೋಡು ಅವ್ವಾ' ಅಂದರು, ಬೆರಳಿನಲ್ಲಿ ಗುರುತನ್ನು ಹಿಂಬಾಲಿಸುತ್ತ. 'ಇಲ್ಲಿ ತಿರುಗಿಸೋಕೆ ಎರಡು ರಿವರ್ಸ್ ಬೇಕು. ಇವನು ಒಂದರಲ್ಲೇ ತಿರುಗಿಸ್ತಾನೆ. ಹಿಂದಿನ ಗಾಲಿ ಹೊಳೆಯಿಂದ ಒಂದು ಅಡಿ. ಯಾರೋ ಒಳ್ಳೇ ಡ್ರೈವರ್.'

ಬಸ್ಸು ಬರುವುದು ಸಂಜೆ. ಹೊರಡೋಣ ಅಂದೆ. ಬರಲಿ, ನೋಡಿಕೊಂಡು ಹೋಗೋಣ ಅಂದರು.